ಚನ್ನಬಸವ್ವನ ಒಲಿ ಮುಂದ

ಧಾರವಾಡ
೨೨ ಜೂನ್ ೧೯೩೮

ಪ್ರೀತಿಯ ಗುಲ್ಜಾರಬಿಗೆ,

ನಿನ್ನ ಸಂಗವ್ವನ ನಮಸ್ಕಾರ, ಸಲಾಮ ಎರಡೂ. ಹೋಳಿ ಹುಣ್ಣಿಮಿ ಮುಂದ ಬಂದ ನಿನ್ನ ಪತ್ರಕ್ಕ ಮಳಿಗಾಲ ಹಿಡದ ಮ್ಯಾಲೆ ಉತ್ತರ ಬರ್ಯಾಕತ್ತೇನಿ. ಬೈಯೂದಿದ್ರ ಬೈ, ಆದ್ರ ಪತ್ರ ಪೂರ್ತಿ ಓದಿ ಆಮ್ಯಾಲೆ ಬೈ. ನಿನ್ನ ಮಗಳು ಸಿತಾರಾ ತನ್ನ ಕೈಲೆ ಕಸೂತಿ ಹಾಕಿ ಕಳಿಸಿದ ಕರವಸ್ತ್ರ ಮುಟ್ಟೇತಿ. ಅದರಾಗಿನ ನವಿಲು ಒಂದೀಟು ಕೋಳಿ ಕಂಡಂಗ ಕಾಣತೈತಿ. ಇದನ್ನ ಹುಡುಗಿಗೆ ಹೇಳಬ್ಯಾಡ ಮತ್ತ. ಸಂಗವ್ವ ದೊಡ್ಡವ್ವಗ ಬಾಳ ಚಂದ ಕಾಣ್ತಂತ ಹೇಳು. ಅಹಮದಸಾಬರ ಹೊಲಿಗಿ ಅಂಗಡಿ ಹ್ಯಾಂಗ ನಡದೈತಿ? ವಿಜಾಪುರದ ಬಿಸಲಿಗೆ ನಿನ್ನ ತಲಿನೋವು ಹೆಚ್ಚಾಗಿಲ್ಲಲ್ಲ?

ಹುಬ್ಬಳ್ಳಿ ಬಿಟ್ಟು ಧಾರವಾಡದಿಂದ ಪತ್ರ ಬಂತಲ್ಲ ಅಂತ ನಿನಗ ಆಶ್ಚರ್ಯ ಆಗಿರಬೇಕು. ಯಾಕ ಬಂದೆ ಅನ್ನೂದು ಕಡೀಕ ಹೇಳತೇನಿ. ಮೊದಲ ಛಲೋ ಸುದ್ದಿ. ನಮ್ಮ ಚನ್ನಬಸವ್ವನ ಖಾನಾವಳಿಗೆ ಹೋಗಿದ್ದೆ!

ನೆನಪೈತೇನ, ನಾವಿಬ್ಬರೂ ಸಾಲಿ ಕಲಸೋ ಅಕ್ಕೋರು ಆಗಾಕ ಟ್ರೇನಿಂಗ ಸಾಲಿಗೆ ಬಂದ ವರ್ಷ? ಬೋರ್ಡಿಂಗಿನ ತೆಳ್ಳನ ಸಾರು ಉಂಡು ಉಂಡು ಬ್ಯಾಸತ್ತು, ಐತವಾರ ಬಂತಂದ್ರ ಆ ಓಣಿಗೆ ಓಡತಿದ್ವಿ. ಮೊದಲನೇ ಸಲ ನಾವು ಬಾಗಲದಾಗ ನಿಂತಾಗ ಸಾಲಾಗಿ ಉಣ್ಣಾಕ ಕುಂತ ಗಂಡಸರೆಲ್ಲಾ ತುತ್ತು ಕೈಯಾಗ ಹಿಡದು ನಮ್ಮನ್ನ ನೋಡಿದ್ರು. ನೀ ನನ್ನ ರಟ್ಟಿ ಹಿಡದು ‘ನಡಿಯ, ವಾಪಸ್ ಹೋಗೂಣು’ ಅಂದಿ. ಅಷ್ಟರಾಗ ಚನ್ನಬಸವ್ವ ಹಿಟ್ಟಿನ ಕೈಲೇ ಹೊರಗ ಬಂದು ನಮ್ಮನ್ನ ಸೀದಾ ಅಡಗಿಮನಿಗೆ ಕರಕೊಂಡು ಹೋಗಿ ಒಲಿ ಮುಂದ ಕುಂದರಿಸಿದ್ಲು. ದಿನಾ ಉಣ್ಣಾಕ ಬರೋ ಶಾಂತಯ್ಯನೋರು ‘ಮುಸಲರ ಹುಡುಗಿನ್ನ ಒಳಗ ಬಿಟ್ಟೆಲ್ಲ ಚನ್ನಬಸವ್ವ’ ಅಂತ ಗೊಣಗಿದ್ರು. ಆಕಿ ತವಾದ ಮ್ಯಾಲಿನ ರೊಟ್ಟಿ ಮಗಚುತ್ತ, ‘ಅಜ್ಜಾರ, ನಾ ರೊಟ್ಟಿ ಬಡೀಲ್ಯೋ, ನಿಮಗ ಜವಾಬು ಕೊಡ್ಲ್ಯೋ? ಒಂದು ಹೇಳ್ರಿ’ ಅಂದ್ಲು. ಅಜ್ಜಾರು ರೊಟ್ಟೀನ ಬೇಕಂದ್ರು! ಆವಾಗ ನೀ ನಕ್ಕ ನಗಿಗೆ ನೀರು ನೆತ್ತಿಗೇರಿತ್ತು.

ಆ ಖಾನಾವಳಿ ಈಗ ಬಾಳ ಬದಲ ಆಗೇತಿ. ನೆಲಕ್ಕ ಕುಂದರೋ ಮಣಿ ತಗದು ಬಾಂಕು, ಟೇಬಲ್ಲು ಹಾಕ್ಯಾರ. ಮುಂದ ದೊಡ್ಡ ಅಕ್ಷರದ ಪಾಟಿ. ಚನ್ನಬಸವ್ವನ ಅಣ್ಣನ ಮಗ ಮಡಿವಾಳಪ್ಪ ಗಲ್ಲೇದ ಮ್ಯಾಲೆ ಕುಂದರತಾನ. ನನ್ನ ನೋಡಿದವನ ಎದ್ದು ನಿಂತು, ‘ಬಾಯಾರ, ಹೆಣ್ಣಮಕ್ಕಳು ಕುಂದರಾಕ ಇಲ್ಲಿ ಅನುಕೂಲ ಇಲ್ರಿ. ಡಬ್ಬಿ ತಂದಿದ್ರ ಕಟ್ಟಿ ಕೊಡತೇನಿ’ ಅಂದ. ಮರ್ಯಾದಿಲೇ ಹೇಳಿದ, ಆದ್ರ ನನಗ ನಿಂತಲ್ಲೇ ಕಣ್ಣಾಗ ನೀರು ತುಂಬಿದ್ವು ನೋಡು. ಡಬ್ಬಿ ಎಲ್ಲಿಂದ ತರಲಿ? ಒಳಗಿಂದ ‘ಯಾರವರು, ಮಡಿವಾಳಾ?’ ಅಂತ ಧ್ವನಿ ಬಂತು. ಅದ ಧ್ವನಿ, ಗುಲ್ಜಾರ! ‘ಯಾರೋ ಪೆಟಿಗಿ ಹಿಡಕೊಂಡು ಬಂದ ಬಾಯಾರು’ ಅಂದ ಅವ. ನಾಚಿಕಿ ಬಿಟ್ಟು ನಾನ ಒದರಿದೆ: ‘ದೊಡ್ಡವ್ವ, ನಾ ಸಂಗವ್ವ! ಟ್ರೇನಿಂಗ ಸಾಲಿ ಸಂಗವ್ವ!’

ಆಮ್ಯಾಲೆ ಆಕಿ ಕೇಳಿದ ಮೊದಲನೇ ಮಾತು ಏನ ಗೊತ್ತೇನು? ‘ಇನ್ನೊಬ್ಬಾಕಿ ಎಲ್ಲಿ?’

ನಿನ್ನನ್ನ ಕೇಳಿದ್ಲು, ಹುಚ್ಚಿ. ನೀ ವಿಜಾಪುರದಾಗ ಉರ್ದು ಸಾಲಿ ಅಕ್ಕೋರಾಗೀದಿ, ಮಗಳು ನಿನ್ನಷ್ಟ ಎತ್ತರ ಬೆಳದಾಳ ಅಂತ ಹೇಳಿದೆ. ‘ಈಗರ ರೊಟ್ಟಿ ದುಂಡಗ ಬಡೀತಾಳೇನು?’ ಅಂತ ಕೇಳಿ ಬಾಯಿಗೆ ಸೆರಗು ಹಿಡದು ನಕ್ಕಳು. ನೀ ಬಡದ ಸೊಟ್ಟ ರೊಟ್ಟಿಗೆ ‘ಕೆಲಗೇರಿ ಕೆರಿ’ ಅಂತ ಹೆಸರಿಟ್ಟಿದ್ದು ಆಕಿ ಮರತಿಲ್ಲ. ಪಾಪ, ಮೊಣಕಾಲು ಹಿಡದಾವು. ಸಣ್ಣ ಮಣಿ ಮ್ಯಾಲೆ ಕುಂತಲ್ಲಿಂದನ ಎಲ್ಲಾರಿಗೂ ಹುಕುಂ ಮಾಡತಾಳ. ನನಗ ಬಿಸಿ ರೊಟ್ಟಿ, ಎಣ್ಣಿಗಾಯಿ ಪಲ್ಯ, ಹಸಿಮೆಣಸಿನಕಾಯಿ ಖಾರ, ಅದರ ನಡುವ ಬೆಣ್ಣಿ ಹಾಕಿಸಿದ್ಲು. ಖರೇ ಹೇಳಲೇನು? ಖಾರ ಮೊದಲಿನಷ್ಟು ಜೋರಿಲ್ಲ. ಕಾಲೇಜ ಹುಡುಗರು ತಡಕೊಳ್ಳೂದಿಲ್ಲಂತ, ಕಮ್ಮಿ ಮಾಡ್ಯಾರ. ಆದ್ರೂ ನಾ ಉಂಡಷ್ಟು ಆ ದಿನ ಯಾರೂ ಉಂಡಿರಲಿಕ್ಕಿಲ್ಲ.

ನಾ ಕೈ ತೊಳಕೊಳ್ಳೂದರಾಗ ಅಲ್ಲಿ ರೊಟ್ಟಿ ಬಡಿಯೋ ಹೆಣ್ಣಮಗಳು ‘ತಲಿ ತಿರಗತೈತ್ರಿ’ ಅಂತ ಗ್ವಾಡಿಗೆ ಆತು ಕುಂತ್ಲು. ಮೈ ಸುಡಾಕತ್ತಿತ್ತು. ಹೊರಗ ಬಾಂಕಿನ ತುಂಬ ಹುಡುಗರು, ‘ರೊಟ್ಟಿ, ರೊಟ್ಟಿ’ ಅಂತ ಗದ್ದಲ. ಚನ್ನಬಸವ್ವ ಗ್ವಾಡಿ ಹಿಡದು ಏಳಾಕ ಹೋದ್ಲು, ಮೊಣಕಾಲು ಏಳಗೊಡಲಿಲ್ಲ. ನಾ ಸೆರಗು ಟೊಂಕಕ್ಕ ಸಿಗಿಸಿ ಒಲಿ ಮುಂದ ಕುಂತೆ. ಹುಬ್ಬಳ್ಳಿ ಮನ್ಯಾಗ ಅಡಗಿಯವರಿದ್ರಲ್ಲ, ನಾ ರೊಟ್ಟಿ ಬಡದು ಎಷ್ಟು ವರ್ಷ ಆಗಿತ್ತೋ. ಮೊದಲನೇದು ಹರೀತು. ಎರಡನೇದರ ಅಂಚು ಸೀಳಿತು. ‘ಹಿಟ್ಟು ಇನ್ನ ನಾದು, ಮಗಳ, ಅದೇನು ನೊಂದುಕೊಳ್ಳೂದಿಲ್ಲ’ ಅಂದ್ಲು ದೊಡ್ಡವ್ವ. ನಾದಿದೆ. ಆಮ್ಯಾಲೆ ಕೈಗೆ ತಾನಾಗೇ ತಿಳೀತು ನೋಡು. ರೊಟ್ಟಿ ಮ್ಯಾಲೆ ರೊಟ್ಟಿ. ಬೆವರು ಇಳ್ಯಾಕತ್ತಿತ್ತು, ಬಳಿ ಮೊಣಕೈತನಕ ಸರಿಸಿದ್ದೆ, ಹೊಗಿಗೆ ಕಣ್ಣು ಉರಿಯಾಕತ್ತಿದ್ವು. ಹೊರಗ ಯಾವನೋ ಹುಡುಗ ‘ಇವತ್ತು ರೊಟ್ಟಿ ಛಲೋ ಅದಾವಲ್ಲೊ!’ ಅಂದದ್ದು ಕೇಳಿಸ್ತು. ನಮ್ಮ ಪರೀಕ್ಷಾ ಪಾಸಾದಾಗನೂ ನನಗ ಅಷ್ಟು ಖುಷಿ ಆಗಿರಲಿಲ್ಲ.

ಗದ್ದಲ ಇಳಿದ ಮ್ಯಾಲೆ ಚನ್ನಬಸವ್ವ ನನ್ನ ಪೆಟಿಗಿ ನೋಡಿದ್ಲು. ‘ಎಷ್ಟು ದಿನಾ ಇರ್ತಿ, ಯವ್ವಾ?’ ಅಂದ್ಲು. ‘ನೋಡಬೇಕು’ ಅಂದೆ. ಆಕಿ ಮಡಿವಾಳಪ್ಪನ್ನ ಕರದು ಅಟ್ಟದ ಮ್ಯಾಲಿನ ಖೋಲಿ ಕಸಾ ಹೊಡಸು ಅಂದ್ಲು.

ಅವತ್ತಿಂದ ನಾ ಇಲ್ಲೇ ಅದೇನಿ. ರೊಟ್ಟಿ ಬಡಿಯಾಕಿ ಆರಾಮಾಗಿ ವಾಪಸ್ ಬಂದಾಳ. ಈಗ ನನ್ನ ಒಲಿ ಹತ್ರ ಬಿಟ್ಟುಕೊಳ್ಳೂದಿಲ್ಲ! ಹೋದ ವಾರ ನಮ್ಮ ಹಳೇ ಅಕ್ಕೋರ ಮನಿಗೆ ಹೋಗಿದ್ದೆ. ಸಪ್ತಾಪುರದಾಗ ಹೆಣ್ಣಮಕ್ಕಳ ಸಾಲಿ ಒಂದು ಹೊಸದಾಗಿ ಚಾಲೂ ಆಗೇತಿ, ಅಲ್ಲಿ ಸಣ್ಣ ಮಕ್ಕಳಿಗೆ ಕಲಸ್ತೀ ಏನು ಅಂತ ಕೇಳಿದ್ರು. ಮದುವಿ ಆದಾಗಿಂದ ಖಡು ಹಿಡದು ಕರಿ ಹಲಿಗಿ ಮುಂದ ನಿಂತಾಕಿ ಅಲ್ಲ ನಾ. ಆದ್ರೂ ಹೂಂ ಅಂದೇನಿ. ಸ್ವಾಮಾರಕ್ಕ ಹಾಜರಾಗಬೇಕು. ಸಣ್ಣ ಮಕ್ಕಳನ್ನ ಸುಮ್ಮಂಗ ಕುಂದರಿಸೂದು ಹ್ಯಾಂಗ ಅಂತ ಲಗೂನ ಬರದು ತಿಳಿಸು, ಅದರಾಗ ನೀ ಶಾಣ್ಯಾಕಿ.

ಸಿತಾರಾಗ ನನ್ನ ಆಶೀರ್ವಾದ. ಆಕಿ ಓದು ನಡುವ ಬಿಡಸಬ್ಯಾಡ, ಯಾರ ಏನರ ಅನ್ನಲಿ. ಅಹಮದಸಾಬರಿಗೆ ಸಲಾಮ ತಿಳಸು. ದಸರಾ ಸೂಟಿಗೆ ಮಗಳನ್ನ ಕರಕೊಂಡು ಬಾ. ಖೋಲಿ ಸಣ್ಣದು, ಆದ್ರ ಮೂವರು ಮಲಗಾಕ ಆಗತೈತಿ. ನೀವೆಲ್ಲಾ ತಂಪಾಗಿರ್ರಿ.

ನಿನ್ನ
ಸಂಗವ್ವ

ತಾ.ಕ.: ಮ್ಯಾಲೆ ಇದನ್ನ ಬರಿಯಾಕ ಕೈ ಬರಲಿಲ್ಲ. ನಾ ಗಂಡನ ಮನಿ ಬಿಟ್ಟು ಬಂದೇನಿ, ಗುಲ್ಜಾರ. ನಮ್ಮ ಮನಿಯವರು ಹೋದ ತಿಂಗಳ ಇನ್ನೊಂದು ಮದುವಿ ಮಾಡಿಕೊಂಡ್ರು. ನನಗ ಮಕ್ಕಳಾಗಲಿಲ್ಲಲ್ಲ, ಅದಕ್ಕ. ನನ್ನ ಕೇಳೇ ಮಾಡಿಕೊಂಡಾರ. ಹೂಂ ಅಂದಾಕಿ ನಾನ. ಹೊಸ್ತಿಲದಾಗ ಮದುಮಗಳಿಗೆ ಆರತಿ ಎತ್ತಿದಾಕೀನೂ ನಾನ. ಸಣ್ಣ ಹುಡುಗಿ, ಪಾಪ. ಹೆದರಿ ನನ್ನ ಕೈ ಹಿಡಕೊಂಡು ‘ಅಕ್ಕಾ’ ಅಂದ್ಲು. ಆಕಿ ಮ್ಯಾಲೆ ನನಗ ಸಿಟ್ಟಿಲ್ಲ. ಇವರ ಮ್ಯಾಲೂ ಇಲ್ಲ ಅಂತ ತಿಳಕೊಂಡಿದ್ದೆ. ಒಂದು ಮುಂಜಾನಿ ಪೆಟಿಗಿ ಹಿಡಕೊಂಡು ಪಡಸಾಲಿಗೆ ಬಂದೆ. ಇವರು ಹತ್ತಿ ಅಂಗಡಿಗೆ ಹೊಂಟು ನಿಂತಿದ್ರು. ಪೆಟಿಗಿ ನೋಡಿದ್ರು, ನನ್ನ ನೋಡಿದ್ರು. ‘ಎಲ್ಲಿಗೆ?’ ಅಂತ ಒಂದು ಮಾತು ಕೇಳಿದ್ರ ಪೆಟಿಗಿ ಕೆಳಗ ಇಟ್ಟುಬಿಡತಿದ್ದೆ. ಅವರು ಚಪ್ಪಲಿ ಮೆಟ್ಟಿಕೊಳ್ಳುತ್ತ, ‘ಕಾಳಿನ ಖೋಲಿ ಕೀಲಿ ಆಕಿಗೆ ಕೊಟ್ಟೀಯೇನು?’ ಅಂತ ಕೇಳಿದ್ರು.

‘ಕೊಟ್ಟೇನ್ರಿ’ ಅಂದೆ.