ಕೊನೆಯವನು ಹಾಕದ ಗೇಟು

ಇದ್ವಾಲ್,

ನಿನ್ನ ಸೈಕಲ್ ಪ್ರವಾಸದವರನ್ನು ಇನ್ನು ಮುಂದೆ ನಮ್ಮ ಗುಡ್ಡದ ದಾರಿಯಲ್ಲಿ ಕರೆತರಬೇಡ. ವೇಲ್ಸಿನಲ್ಲಿ ಬೇರೆ ಗುಡ್ಡಗಳಿಗೆ ಬರ ಬಂದಿದೆಯೇ?

ಶನಿವಾರ ನೀನೇ ಎಲ್ಲರಿಗಿಂತ ಮುಂದೆ ಬಂದು ಮೇಲಿನ ಗೇಟು ತೆರೆದಿದ್ದೀಯ. ಆಮೇಲೆ ನಮ್ಮ ಅಂಗಳದಲ್ಲಿ ಹಾದು, ನನಗೆ ಕೈ ಬೀಸಿ, ನಿಲ್ಲದೆ ಹೋದೆ. ಹುಟ್ಟಿದ ಮನೆಯ ಮುಂದೆ ಸೈಕಲ್ಲಿನಿಂದ ಒಂದು ಕಾಲೂ ಕೆಳಗಿಡಲಿಲ್ಲ. ಕೊನೆಗೆ ಬಂದ ದಪ್ಪ ಮನುಷ್ಯ ಮಾತ್ರ ನೀರು ಕೇಳಲು ನಿಂತ.

"ಮೇಲಿನ ಗೇಟು ಹಾಕಿದ್ರಾ?" ಎಂದೆ.

"ಇಲ್ಲಮ್ಮ, ತೆರೆದೇ ಇತ್ತು. ಗೇಟು ಹೇಗಿತ್ತೋ ಹಾಗೇ ಬಿಡ್ಬೇಕು ಅಂತ ಇದ್ವಾಲ್ ಹೇಳ್ಕೊಟ್ಟಿದ್ದಾರೆ," ಎಂದು ಹೆಮ್ಮೆಯಿಂದ ಹೇಳಿದ.

ನಾನು ಏದುಸಿರು ಬಿಡುತ್ತ ಗುಡ್ಡ ಹತ್ತುವಷ್ಟರಲ್ಲಿ, ನವೆಂಬರ್‌ವರೆಗೆ ಬೇರೆ ಇಡಬೇಕಾದ ಟಗರು ಆ ಗೇಟು ದಾಟಿ ಹೆಣ್ಣುಕುರಿಗಳ ನಡುವೆ ಸೇರಿಕೊಂಡಿತ್ತು. ಸಂಜೆಯವರೆಗೂ ಕೈಗೆ ಸಿಗಲಿಲ್ಲ. ಏಪ್ರಿಲ್‌ನ ಹುಲ್ಲಿಗೆ ಹುಟ್ಟಬೇಕಾದ ಮರಿಗಳು ಈಗ ಫೆಬ್ರವರಿಯ ಹಿಮದಲ್ಲಿ ಬೀಳುತ್ತವೆ.

ಅಪ್ಪ ಕಲಿಸಿದ್ದರಲ್ಲಿ ನಿನಗೆ ಅರ್ಧ ಮಾತ್ರ ನೆನಪಿದೆ. ಮೊದಲನೆಯವನು ಕಂಡ ಹಾಗೆ ಕೊನೆಯವನು ಬಿಡಬೇಕು. ನೀನು ಯಾವತ್ತೂ ಮುಂದೆ ಓಡಿದವನು; ಹಿಂದೆ ಏನಾಯಿತೆಂದು ನಿನಗೇನು ಗೊತ್ತು? ಅಪ್ಪ ಹೋದ ಮೇಲೂ ಹೀಗೆಯೇ.

ಕ್ಷಮೆ ಕೇಳಿ ಕಾರ್ಡು ಕಳಿಸಬೇಡ, ಒಲೆಗೆ ಹಾಕುತ್ತೇನೆ. ಫೆಬ್ರವರಿಯಲ್ಲಿ ಬಾ. ನನ್ನ ಕೈಯ ಕೀಲುಗಳು ಈಗ ಬಗ್ಗುವುದಿಲ್ಲ, ಕುರಿ ಈಯುವಾಗ ಮರಿ ಹೊರಗೆಳೆಯಲು ಆಗುವುದಿಲ್ಲ. ಅಪ್ಪನ ಗಂಬೂಟು ಬಾಗಿಲ ಹಿಂದಿದೆ. ಸೈಕಲ್ ತರಬೇಡ.

ಗೇಟು ಹಾಕಿರುತ್ತದೆ. ಒಳಗೆ ಬಂದು ನೀನೇ ಹಾಕು. ನಿನ್ನ ಹಿಂದೆ ಬರುವವರು ಯಾರೂ ಇಲ್ಲ.

ಇನ್ನೂ ನಿನ್ನ ಅಕ್ಕನೇ ಆಗಿರುವ,
ಮೆರೆರಿಡ್