ಚಿಂಚೋಳಿಯ ಪ್ರತಿ

ಸೇಡಂ, ಮಂಗಳವಾರ

ಚಿಂಚೋಳಿ ಲ್ಯಾಬಿನ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಜಬೀನಾ ಅವರಿಗೆ,

ನೀವು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಪತ್ರ. ಜೊತೆಗಿರುವ ಹೇಳಿಕೆಗೆ ಸಹಿ ಹಾಕಿ, ಸರ್ವರ್ ಕೋಣೆಯ ಕೀಲಿಯೊಂದಿಗೆ ಕಳಿಸಿಕೊಡಿ.

ನಮ್ಮ ಐದು ಲ್ಯಾಬುಗಳಲ್ಲೂ ಒಂದೇ ದಾಖಲೆಯ ಪ್ರತಿ ಇತ್ತು; ಒಂದು ಕಡೆ ಬದಲಾದದ್ದು ಲೈನಿನ ಮೂಲಕ ಐದೂ ಕಡೆ ತಾನೇ ಬದಲಾಗುತ್ತಿತ್ತು. ವಾಡಿಯಲ್ಲಿ ಯಾರೋ ಕೈತಪ್ಪಿ ರೋಗಿಗಳ ಮೂರು ವರ್ಷದ ವರದಿಗಳನ್ನು ಅಳಿಸಿದರು. ಸೇಡಂ, ಚಿತ್ತಾಪುರ, ಶಹಾಬಾದಿನಲ್ಲೂ ಅವು ಆ ಕ್ಷಣವೇ ಅಳಿದವು. ರಸ್ತೆ ಅಗೆದು ಕೇಬಲ್ ತುಂಡಾಗಿದ್ದರಿಂದ ನಿಮ್ಮಲ್ಲಿ ಮಾತ್ರ ಎಲ್ಲವೂ ಉಳಿದಿತ್ತು. ಕೇಬಲ್ ರಿಪೇರಿಯಾದಾಗ ನೀವು ಫೋನಿನಲ್ಲಿ, "ಸರ್, ಈಗ ಲೈನ್ ಹಚ್ಚೂದು ಬ್ಯಾಡ್ರಿ. ಹಚ್ಚಿದ್ರ ಇಲ್ಲಿದ್ದದ್ದೂ ಹೋಗ್ತದ. ಕಾಪಿ ತಗೀಲಿಕತ್ತೀನಿ, ಅರ್ಧ ತಾಸು ಕೊಡ್ರಿ" ಎಂದಿರಿ. "ಐದೂ ಕಡಿ ಒಂದೇ ಥರ ಇರಬೇಕು, ಹಚ್ಚು" ಎಂದೆ. ಈಗ ಐದೂ ಕಡೆ ಒಂದೇ ಥರ ಖಾಲಿ ಇದೆ.

ಆದರೆ ಹಚ್ಚಿದ್ದು ನಿಮ್ಮ ಕೈ. ಹೇಳಿಕೆಯಲ್ಲಿ ಅಷ್ಟೇ ಇದೆ. ಬೇರೆ ಬ್ಯಾಕಪ್ ಡಿಸ್ಕ್ ಬೇಕೆಂದು ನೀವು ಮೂರು ಸಲ ಕೊಟ್ಟ ಅರ್ಜಿಗಳು ಕಡತದಲ್ಲಿಲ್ಲ, ಹುಡುಕಿಸಬೇಡಿ.

ನಿಮ್ಮ ತಾಯಿ ನಜಮುನ್ನೀಸಾ ಅವರ ಗಡ್ಡೆಯ ವರದಿಯೂ ಅದರಲ್ಲೇ ಇತ್ತು. ಪರೀಕ್ಷೆಗೆಂದು ಗಡ್ಡೆಯಿಂದ ತೆಗೆದಿದ್ದ ತುಣುಕನ್ನು ನಿಯಮದಂತೆ ಎಸೆದಾಗಿದೆ, ಮತ್ತೊಮ್ಮೆ ತೆಗೆಸಬೇಕು. ಸರದಿ ಭಾಳ ಉದ್ದವಿದೆ.

ಈ ಪತ್ರದ ನಕಲು ನಾನು ಇಟ್ಟುಕೊಂಡಿಲ್ಲ. ನೀವೂ ಇಟ್ಟುಕೊಳ್ಳದೆ, ಸಹಿಯ ಜೊತೆ ಇದನ್ನೂ ವಾಪಸ್ ಕಳಿಸಿ. ಎರಡೂ ನನ್ನ ಕೈ ಸೇರಿದ ದಿನ ತಾಯಿಯವರ ಹೆಸರನ್ನು ಸರದಿಗೆ ಬರೆಸುತ್ತೇನೆ.

ನಿಮ್ಮ ಹಿತೈಷಿ,
ದೇವಿಂದ್ರಪ್ಪ
ಆಡಳಿತಾಧಿಕಾರಿ