ಸಂವತ್ಸರದ ಹೆಸರು

ಅಪ್ಪಯ್ಯ,

ನಿನ್ನೆ ಶಿವಮೊಗ್ಗದಲ್ಲಿ ನನ್ನ ರಕ್ತಪರೀಕ್ಷೆಯ ರಿಪೋರ್ಟ್ ಬಂತು. "ಮರೆವಿನ ಕಾಯಿಲೆ ಎದ್ದು ಕಾಣೋ ಮೊದಲೇ ರಕ್ತ ಸುಳಿವು ಕೊಡುತ್ತೆ, ಭಟ್ರೇ. ನಿಮ್ಮದರಲ್ಲಿ ಸುಳಿವಿದೆ. ಇನ್ನೂ ಪರೀಕ್ಷೆ ಬೇಕು," ಎಂದರು ಡಾಕ್ಟರು.

ಭದ್ರಾವತಿಯಲ್ಲಿ ನಾವಿಬ್ಬರೂ ಮಾಡಿಸಿದ ಆ ಗೃಹಪ್ರವೇಶ ನೆನಪಾಯಿತು. ಸಂಕಲ್ಪದಲ್ಲಿ ನೀವು ಹೋದ ವರ್ಷದ ಸಂವತ್ಸರದ ಹೆಸರು ಹೇಳಿದಿರಿ. "ಇಷ್ಟೂ ಗೊತ್ತಾಗಲ್ವಾ ನಿಮಗೆ?" ಎಂದು ಮನೆ ತುಂಬ ಇದ್ದ ಜನರೆದುರು ಕೂಗಿದೆ. ಆಮೇಲೆ ತೀರಿಕೊಳ್ಳುವವರೆಗೂ ನೀವು ಯಾರ ಮನೆ ಪೂಜೆಗೂ ಬರಲಿಲ್ಲ. ನಾನೂ ಕರೆಯಲಿಲ್ಲ.

ಈ ಬೆಳಿಗ್ಗೆ ಆಲ್ಕೊಳದಲ್ಲಿ ಸತ್ಯನಾರಾಯಣ ಪೂಜೆ. ಸಂಕಲ್ಪದ ನಡುವೆ ಸಂವತ್ಸರದ ಹೆಸರೇ ನನ್ನ ಬಾಯಿಗೆ ಬರಲಿಲ್ಲ. ಪಕ್ಕದಲ್ಲಿದ್ದ ನಿಮ್ಮ ಮೊಮ್ಮಗ ನಿರಂಜನ ಅಕ್ಷತೆಯ ಬಟ್ಟಲು ಸರಿಸುವ ನೆಪದಲ್ಲಿ ಬಗ್ಗಿ, ಯಾರಿಗೂ ಕೇಳದಂತೆ ಅದನ್ನು ಹೇಳಿಕೊಟ್ಟ.

ಅವತ್ತು ಭದ್ರಾವತಿಯಲ್ಲೂ ಅಷ್ಟೇ ಸಾಕಿತ್ತು, ಅಪ್ಪಯ್ಯ.

ತ್ರಿವಿಕ್ರಮ